ಹಳೇ ಮೈಕಟ್ಟಿನ ಹೊಸ ಸ್ಕೂಟರು: ಬೆಂಗಳೂರಿಗೆ ವೆಸ್ಪಾನಾ, ಫ್ಯಾಸಿನೋನಾ, ಚೇತಕ್ಕಾ?

ಈ ಪ್ರಶ್ನೆ ಕೇಳುವವರಲ್ಲಿ ಬಹಳ ಮಂದಿ ಆಗಲೇ ಶೋರೂಮಿಗೆ ಹೋಗಿ ಬಂದವರು. ವೆಸ್ಪಾ ನೋಡಿ ಮನಸೋತು, ಆನ್‌ರೋಡ್ ಬೆಲೆ ಕೇಳಿ ಎರಡು ಹೆಜ್ಜೆ ಹಿಂದೆ ಸರಿದು, ಬೇರೆ ಅಂಗಡಿಯಲ್ಲಿ ಯಮಾಹಾದ ಫ್ಯಾಸಿನೋ ಕಂಡು "ಇದೂ ಹಾಗೇ ಇದೆಯಲ್ಲ" ಅಂದುಕೊಂಡಿರುತ್ತಾರೆ. ಮನೆಗೆ ಬಂದರೆ ಅಪ್ಪ "ನಮ್ಮ ಚೇತಕ್ ಈಗ ಕರೆಂಟಲ್ಲಿ ಬಂದಿದೆಯಂತೆ, ಅದನ್ನೂ ನೋಡಪ್ಪ" ಅಂದು ಇನ್ನೊಂದು ಹುಳ ಬಿಡುತ್ತಾರೆ. ಮೂರೂ ದುಂಡು ಮೈಯ, ಉಬ್ಬಿದ ಬೆನ್ನಿನ ಗಾಡಿಗಳು. ದೂರದಿಂದ ನೋಡಿದರೆ ಒಂದೇ ಮನೆತನ. ಮುಚ್ಚಳ ಬಿಚ್ಚಿ ನೋಡಿದರೆ ಮೂರಕ್ಕೂ ಸಂಬಂಧವೇ ಇಲ್ಲ.

ಆದ್ದರಿಂದ ಬಣ್ಣ, ಕ್ರೋಮ್, ಕನ್ನಡಿಯ ಆಕಾರ ಇವನ್ನೆಲ್ಲ ನಿಮ್ಮ ಕಣ್ಣಿಗೇ ಬಿಡುತ್ತೇನೆ. ಅದರಲ್ಲಿ ನನ್ನ ಸಲಹೆ ಬೇಕಿಲ್ಲ. ನಾನು ನೋಡುವುದು ಆ ಹಳೇ ರೂಪ ಎಷ್ಟು ಆಳಕ್ಕೆ ಇಳಿದಿದೆ ಅನ್ನುವುದನ್ನು. ಕೆಲವು ಗಾಡಿಗಳಲ್ಲಿ ಅದು ಬರೀ ಚರ್ಮ, ಕೆಲವದರಲ್ಲಿ ಮೂಳೆಯವರೆಗೂ ಇದೆ. ಆಳಕ್ಕೆ ಇಳಿದಷ್ಟೂ ಬೆಲೆ ಏರುತ್ತದೆ, ಹಳೇ ಕಾಲದ ಕೆಲವು ತೊಂದರೆಗಳೂ ಜೊತೆಗೇ ಮನೆಗೆ ಬರುತ್ತವೆ.

ಆ ರೂಪ ಸುಮ್ಮನೆ ಬಂದದ್ದಲ್ಲ

ಎರಡನೇ ಮಹಾಯುದ್ಧದಲ್ಲಿ ಇಟಲಿಯ ಪೊಂಟೆಡೇರಾದಲ್ಲಿದ್ದ ಪಿಯಾಜಿಯೋ ವಿಮಾನ ಕಾರ್ಖಾನೆ ಬಾಂಬಿಗೆ ತುತ್ತಾಯಿತು. ಯುದ್ಧ ಮುಗಿದ ಮೇಲೆ ವಿಮಾನ ಕಟ್ಟುವ ಅವಕಾಶವೂ ಇರಲಿಲ್ಲ, ಕೊಳ್ಳುವವರೂ ಇರಲಿಲ್ಲ. ಜನಸಾಮಾನ್ಯರಿಗೆ ಅಗ್ಗದ ವಾಹನವೊಂದನ್ನು ಮಾಡಿಕೊಡಿ ಎಂದು ಎನ್ರಿಕೋ ಪಿಯಾಜಿಯೋ ತಮ್ಮ ಎಂಜಿನಿಯರ್ ಕೊರ್ರಾದಿನೋ ದಾಸ್ಕಾನಿಯೋ ಅವರಿಗೆ ಹೇಳಿದರು. ದಾಸ್ಕಾನಿಯೋ ಹೆಲಿಕಾಪ್ಟರ್ ಕಟ್ಟುತ್ತಿದ್ದವರು. ಮೋಟಾರ್‌ಸೈಕಲ್ ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಕಾಲೆತ್ತಿ ಹತ್ತಬೇಕು, ಚೈನಿನ ಎಣ್ಣೆ ಬಟ್ಟೆಗೆ ಹತ್ತುತ್ತದೆ, ಪಂಕ್ಚರ್ ಆದರೆ ಚಕ್ರ ಬಿಚ್ಚುವಷ್ಟರಲ್ಲಿ ಸಾಕುಸಾಕಾಗುತ್ತದೆ ಎಂಬುದು ಅವರ ತಕರಾರು. 1946ರಲ್ಲಿ ಪೇಟೆಂಟ್ ಆದ ವೆಸ್ಪಾದಲ್ಲಿ ಒಂದೊಂದು ತಕರಾರಿಗೂ ಒಂದೊಂದು ಉತ್ತರವಿದೆ. ಚೈನೇ ಬೇಡವೆಂದು ಎಂಜಿನ್ನನ್ನು ಹಿಂದಿನ ಚಕ್ರದ ಪಕ್ಕಕ್ಕೇ ಕೂರಿಸಿ ಮುಚ್ಚಳ ಹಾಕಿದರು. ಕೆಸರು ಸಿಡಿಯದಂತೆ ಮುಂದೆ ಅಗಲವಾದ ತಗಡು, ಸೀರೆಯವರೂ ಲಂಗದವರೂ ಆರಾಮಾಗಿ ಕೂರುವಂತೆ ನಡುವೆ ಖಾಲಿ ಜಾಗ ಇಟ್ಟರು. ಮುಂದಿನ ಚಕ್ರವನ್ನು ವಿಮಾನದ ಚಕ್ರದಂತೆ ಒಂದೇ ತೋಳಿಗೆ ಸಿಕ್ಕಿಸಿದರು, ಬೇಗ ಬಿಚ್ಚಲಿ ಅಂತ. ಎಲ್ಲಕ್ಕಿಂತ ಮುಖ್ಯವಾದದ್ದು ಚೌಕಟ್ಟು: ಕೊಳವೆಗಳ ಚಾಸಿಯನ್ನೇ ಕೈಬಿಟ್ಟು, ಅಚ್ಚೊತ್ತಿದ ಉಕ್ಕಿನ ತಗಡನ್ನು ಬೆಸೆದು, ಮೈಯೇ ಚಾಸಿಯಾಗುವಂತೆ ಮಾಡಿದರು. ವಿಮಾನದವರಿಗೆ ಅದು ಪರಿಚಿತ ವಿದ್ಯೆ.

ಮರುವರ್ಷ ಮಿಲಾನಿನ ಇನ್ನೊಸೆಂಟಿ ಕಂಪನಿ ಲ್ಯಾಂಬ್ರೆಟ್ಟಾ ತಂದಾಗ ಬೇರೆ ದಾರಿ ಹಿಡಿಯಿತು. ಒಳಗೆ ಕೊಳವೆಯ ಚಾಸಿ, ಮೇಲೆ ಬೇಕಾದ ಹೊದಿಕೆ. ಆಮೇಲೆ ಜಗತ್ತಿನ ಬಹುಪಾಲು ಸ್ಕೂಟರುಗಳು ನಡೆದದ್ದು ಈ ದಾರಿಯಲ್ಲೇ. ಇವತ್ತು ನೀವು ನೋಡುತ್ತಿರುವ ಮೂರು ಗಾಡಿಗಳ ನಡುವಿನ ಜಗಳವೂ ಆ ಎರಡು ದಾರಿಗಳ ಹಳೇ ಜಗಳವೇ.

ನಮ್ಮಲ್ಲಿ ಬಜಾಜ್ ಮೊದಲು ವೆಸ್ಪಾ ಪರವಾನಗಿಯಲ್ಲಿ ಗಾಡಿ ಮಾಡುತ್ತಿತ್ತು. ಆ ಒಪ್ಪಂದ ಮುಗಿದ ಮೇಲೆ 1972ರಲ್ಲಿ ಅದೇ ಬಗೆಯ ಉಕ್ಕಿನ ಮೈಯಲ್ಲಿ ಚೇತಕ್ ಬಂತು. ಬುಕ್ ಮಾಡಿ ವರ್ಷಗಟ್ಟಲೆ ಕಾದ ಕಥೆ ಬಸವನಗುಡಿಯಲ್ಲೋ ಮಲ್ಲೇಶ್ವರದಲ್ಲೋ ಯಾವ ಹಿರಿಯರನ್ನು ಕೇಳಿದರೂ ಸಿಗುತ್ತದೆ. ಎಂಜಿನ್ ಬಲಗಡೆಗಿದ್ದುದರಿಂದ ಗಾಡಿ ಸ್ವಲ್ಪ ಬಲಕ್ಕೆ ವಾಲುತ್ತಿತ್ತು, ಚಳಿಗಾಲದ ಬೆಳಗ್ಗೆ ಓರೆ ಮಾಡಿ ಕಿಕ್ ಹೊಡೆಯಬೇಕಿತ್ತು. ಆ ನೆನಪು ಚೆಂದವೇ ಇರಲಿ, ಅದನ್ನು ನೋಡಿ ದುಡ್ಡು ಕೊಡಬೇಡಿ.

ಏನನ್ನು ಅಳೆಯಬೇಕು

ಮೊದಲನೆಯದು ಚಕ್ರ. ನಮ್ಮೂರಿನ ಗುಂಡಿ ಮತ್ತು ಹಂಪುಗಳಿಗೆ ಹೋಲಿಸಿದರೆ ಎಂಜಿನ್ ಪವರ್ ಎಲ್ಲ ಎರಡನೆಯ ಮಾತು. ಚಕ್ರ ಚಿಕ್ಕದಾದಷ್ಟೂ ಗುಂಡಿಯೊಳಗೆ ಹೆಚ್ಚು ಇಳಿಯುತ್ತದೆ, ಏರಿ ಬರುವಾಗ ಏಟೂ ಜೋರು. 10 ಇಂಚಿಗೂ 12 ಇಂಚಿಗೂ ಇರುವ ವ್ಯತ್ಯಾಸ ಕಾಗದದ ಮೇಲೆ ಎರಡೇ ಇಂಚು. ಮೆಟ್ರೋ ಕಾಮಗಾರಿಯ ಪಕ್ಕದ ರಸ್ತೆಯಲ್ಲಿ ಅದು ನಿಮ್ಮ ಸೊಂಟಕ್ಕೆ ಗೊತ್ತಾಗುತ್ತದೆ, ಹಿಂದೆ ಕೂತವರ ಸೊಂಟಕ್ಕೆ ಇನ್ನೂ ಚೆನ್ನಾಗಿ. ಹಿಂದಿನ ಚಕ್ರದ ಅಳತೆಯನ್ನು ಪ್ರತ್ಯೇಕವಾಗಿ ಕೇಳಿ. ಬಹಳ ಸ್ಕೂಟರುಗಳು ಮುಂದೆ 12 ಹಾಕಿ ಹಿಂದೆ ಸದ್ದಿಲ್ಲದೆ 10 ಇಟ್ಟಿರುತ್ತವೆ. ಪೆಟ್ರೋಲ್ ಸ್ಕೂಟರಿನಲ್ಲಿ ಇನ್ನೊಂದು ಮಾತಿದೆ. ಎಂಜಿನ್, ಬೆಲ್ಟು, ಹಿಂದಿನ ಚಕ್ರ ಮೂರೂ ಒಂದೇ ತುಂಡಾಗಿ ಮೇಲೆ ಕೆಳಗೆ ಆಡುತ್ತವೆ. ಅಷ್ಟು ಭಾರ ಚಕ್ರದ ಜೊತೆಗೇ ಕುಣಿಯುವಾಗ ಶಾಕ್ ಅಬ್ಸಾರ್ಬರ್ ಎಷ್ಟೇ ಚೆನ್ನಾಗಿದ್ದರೂ ಸ್ವಲ್ಪ ಎತ್ತಿ ಹಾಕಿಯೇ ಹಾಕುತ್ತದೆ.

ಎರಡನೆಯದು ಮೈಯ ರಚನೆ. ಉಕ್ಕೋ ಪ್ಲಾಸ್ಟಿಕ್ಕೋ ಅಂತಷ್ಟೇ ಕೇಳಿದರೆ ಸಾಲದು, ಆ ಉಕ್ಕು ಗಾಡಿಯ ಭಾರ ಹೊರುತ್ತದೆಯೇ ಅಂತಲೂ ಕೇಳಬೇಕು. ಬಿದ್ದ ದಿನ ಖರ್ಚು ನಿರ್ಧಾರವಾಗುವುದು ಇದರಿಂದ.

ಮೂರನೆಯದು ಟ್ರಾಫಿಕ್ಕಿನಲ್ಲಿ ತೂಕ ಮತ್ತು ಎಳೆತ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿನ ಗಾಳಿ ಚೆನ್ನೈ ಗಾಳಿಗಿಂತ ತೆಳು. ಪೆಟ್ರೋಲ್ ಎಂಜಿನ್ ಎಳೆದುಕೊಳ್ಳುವ ಆಮ್ಲಜನಕ ಕಡಿಮೆಯಾಗಿ ಪವರ್ ಸರಿಸುಮಾರು ಹತ್ತರಲ್ಲಿ ಒಂದು ಪಾಲು ಇಳಿಯುತ್ತದೆ. ಎಂಜಿನ್ನಿನ ಕಂಪ್ಯೂಟರ್ ಪೆಟ್ರೋಲನ್ನು ಅದಕ್ಕೆ ತಕ್ಕಂತೆ ಹೊಂದಿಸಿಕೊಳ್ಳುತ್ತದೆ, ಇಲ್ಲದ ಗಾಳಿಯನ್ನು ತರಲಾರದು. ಎಲೆಕ್ಟ್ರಿಕ್ ಮೋಟರಿಗೆ ಈ ತಾಪತ್ರಯವೇ ಇಲ್ಲ.

ಆಮೇಲೆ ಡಿಕ್ಕಿ, ಅಂದರೆ ಸೀಟಿನ ಕೆಳಗಿನ ಜಾಗ. ಕರ್ನಾಟಕದಲ್ಲಿ ಹಿಂದೆ ಕೂರುವವರಿಗೂ ಹೆಲ್ಮೆಟ್ ಕಡ್ಡಾಯವಾಗಿ ಹತ್ತು ವರ್ಷವೇ ಆಯಿತು. ಅಂದರೆ ಪ್ರತಿ ಗಾಡಿಗೂ ಎರಡು ಹೆಲ್ಮೆಟ್, ಗಾಡಿ ನಿಲ್ಲಿಸಿದ ಮೇಲೆ ಅವನ್ನು ಇಡಲು ಜಾಗ. ಕಾಲಿಡುವ ಜಾಗ ಚಪ್ಪಟೆಯಾಗಿದೆಯೇ ಅನ್ನುವುದೂ ಇಲ್ಲಿಗೇ ಸೇರುತ್ತದೆ. ಗಾಂಧಿಬಜಾರಿನಿಂದ ತರಕಾರಿ ಚೀಲ ತರುವವರಿಗೆ ಅದು ಡಿಕ್ಕಿಗಿಂತ ಮುಖ್ಯ. ಕೊನೆಯದಾಗಿ ಸರ್ವಿಸ್ ಮತ್ತು ದುಡ್ಡು. ಶೋರೂಮಿನ ಬೆಲೆಯ ಮೇಲೆ ರಾಜ್ಯದ ರಸ್ತೆ ತೆರಿಗೆ, ಐದು ವರ್ಷದ ಥರ್ಡ್ ಪಾರ್ಟಿ ವಿಮೆ, ನೋಂದಣಿ ಎಲ್ಲ ಸೇರಿದ ಅಂಕಿಯನ್ನೇ ಹೋಲಿಸಿ. ನಮ್ಮ ರಾಜ್ಯದಲ್ಲಿ ಆ ಅಂತರ ಸಣ್ಣದಲ್ಲ.

ವೆಸ್ಪಾ: ಮೂಳೆಯವರೆಗೂ ಹಳೆಯದು

ಪಿಯಾಜಿಯೋ 2012ರಲ್ಲಿ ಮಹಾರಾಷ್ಟ್ರದ ಬಾರಾಮತಿಯ ಕಾರ್ಖಾನೆಯಿಂದ ವೆಸ್ಪಾವನ್ನು ಭಾರತಕ್ಕೆ ಮತ್ತೆ ತಂದಿತು. ಈಗ 125 ಮತ್ತು 150 ಸಿಸಿಯಲ್ಲಿ ಸಿಗುತ್ತದೆ. ಎಂಜಿನ್ ಬದಲಾಗಿದೆ, ಕೈಗೇರು ಹೋಗಿ ಬೆಲ್ಟಿನ ಆಟೋಮ್ಯಾಟಿಕ್ ಬಂದಿದೆ, ಎರಡು ಸ್ಟ್ರೋಕಿನ ಹೊಗೆ ಹೋಗಿದೆ. 1946ರ ಮೂಲ ಉಪಾಯ ಮಾತ್ರ ಹಾಗೇ ಉಳಿದಿದೆ: ಉಕ್ಕಿನ ಮೈಯೇ ಚಾಸಿ, ಮುಂದೆ ಒಂದೇ ತೋಳು.

ಓಡಿಸಿದ ಕೂಡಲೇ ಇದು ತಿಳಿಯುತ್ತದೆ. ಪ್ಲಾಸ್ಟಿಕ್ ಗಾಡಿ ಮೂರು ವರ್ಷಕ್ಕೆ ಅಲ್ಲಿ ಇಲ್ಲಿ ಗಿರಗಿರ ಅನ್ನಲು ಶುರುಮಾಡುತ್ತದೆ. ಬೆಸೆದ ಉಕ್ಕಿನ ಮೈಯಲ್ಲಿ ಸಡಿಲಾಗಲು ಜೋಡಣೆಗಳೇ ಕಡಿಮೆ. ತಿರುವಿನಲ್ಲಿ ಗಾಡಿ ಒಂದೇ ತುಂಡಾಗಿ ತಿರುಗುತ್ತದೆ. ಮುಂದಿನ ತೋಳನ್ನು ಬ್ರೇಕ್ ಹಿಡಿದಾಗ ಮೂತಿ ತೀರಾ ಕುಸಿಯದಂತೆ ರಚಿಸಿದ್ದಾರೆ, ಸಿಗ್ನಲ್ಲಿನಲ್ಲಿ ಆಟೋ ಅಡ್ಡ ಬಂದಾಗ ಆ ಸಮಾಧಾನ ಬೇಕಾಗುತ್ತದೆ. ಮುಂದಿನ ತಗಡು ನಿಜಕ್ಕೂ ಅಗಲ. ಮೇ ತಿಂಗಳ ಸಂಜೆ ಮಳೆಯಲ್ಲಿ ಪ್ಯಾಂಟು ಮೊಣಕಾಲಿನವರೆಗೆ ಕೆಸರಾಗದೆ ಮನೆ ಸೇರಬಹುದು. ಮೂರರಲ್ಲಿ ಓಡಿಸುವ ಖುಷಿ ಯಾವುದರಲ್ಲಿ ಅಂತ ಕೇಳಿದರೆ ನನ್ನ ಉತ್ತರ ವೆಸ್ಪಾ 150. ಅದರಲ್ಲಿ ಜೋರಾಗಿ ಬ್ರೇಕ್ ಹಿಡಿದರೂ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಕೂಡ ಇದೆ. 125ರಲ್ಲಿ ಎರಡೂ ಬ್ರೇಕನ್ನು ಜೋಡಿಸುವ ಸಿಬಿಎಸ್ ಮಾತ್ರ.

ಇನ್ನು ಬೆಲೆ ತೆರುವ ಕಡೆ. ಚಕ್ರ ಮುಂದೆ 11 ಇಂಚು, ಹಿಂದೆ 10. ಈ ಸಾಲಿನಲ್ಲಿ ಅತಿ ಚಿಕ್ಕದು. ಟೈರು ಅಗಲವಾಗಿದೆ, ಹಿಡಿತ ಚೆನ್ನಾಗಿದೆ, ಆದರೆ ಗುಂಡಿಗೆ ಅಗಲ ಲೆಕ್ಕವಿಲ್ಲ. ತೂಕ 115 ಕೆಜಿಯ ಆಸುಪಾಸು. ಗಿರಿನಗರದಂಥ ಕಡೆ ಮನೆ ಮುಂದಿನ ಇಳಿಜಾರಿನಲ್ಲಿ ದಿನಾ ಗಾಡಿ ಏರಿಸುವವರು ಒಮ್ಮೆ ತಳ್ಳಿ ನೋಡಬೇಕು. ಡಿಕ್ಕಿಯಲ್ಲಿ ದೊಡ್ಡ ಫುಲ್ ಫೇಸ್ ಹೆಲ್ಮೆಟ್ ಕೂರುವುದು ಕಷ್ಟ, ಎರಡರ ಮಾತೇ ಇಲ್ಲ. ಊರಿನ ವಿಸ್ತಾರಕ್ಕೆ ಡೀಲರುಗಳು ಕಡಿಮೆ, ಬಿಡಿಭಾಗದ ಬೆಲೆ ಜಪಾನಿ ಗಾಡಿಗಿಂತ ಮೇಲೆ, ಬೀದಿ ಮೂಲೆಯ ಮೆಕ್ಯಾನಿಕ್ ಎಲ್ಲರೂ ಕೈ ಹಾಕುವುದಿಲ್ಲ.

ಉಕ್ಕಿನ ಮೈಯ ಬಗ್ಗೆ ಎರಡು ಮಾತು. ಪಾರ್ಕಿಂಗಿನಲ್ಲಿ ಪಕ್ಕದ ಬೈಕ್ ಬಿದ್ದು ತಗ್ಗಾದರೆ ಟಿಂಕರಿಂಗ್ ಮಾಡಿಸಿ ಬಣ್ಣ ಹೊಡೆಸಬಹುದು. ಒಡೆದ ಪ್ಲಾಸ್ಟಿಕ್ಕಿನಂತೆ ಎಸೆಯಬೇಕಿಲ್ಲ. ಆದರೆ ಮುಂದಿನಿಂದ ಜೋರಾಗಿ ಗುದ್ದಿಕೊಂಡರೆ ಮಡಚಿಕೊಳ್ಳುವುದು ಹೊದಿಕೆಯಲ್ಲ, ಚಾಸಿಯೇ. ಅದನ್ನು ನೆಟ್ಟಗೆ ಮಾಡುವುದು ಸಣ್ಣ ಕೆಲಸವಲ್ಲ, ವಿಮೆಯವರ ಜೊತೆ ಮಾತೂ ಉದ್ದವಾಗುತ್ತದೆ. ತುಕ್ಕಿನ ಹೆದರಿಕೆ ಬೆಂಗಳೂರಿನ ಒಣಹವೆಯಲ್ಲಿ ಅಷ್ಟಿಲ್ಲ. ಗಾಡಿಯನ್ನು ಮುಂದೆ ಮಂಗಳೂರಿಗೋ ಉಡುಪಿಗೋ ಒಯ್ಯುವ ಯೋಚನೆ ಇದ್ದರೆ ಕಾಲಿಡುವ ಜಾಗದ ಅಡಿಭಾಗಕ್ಕೆ ಕೋಟಿಂಗ್ ಮಾಡಿಸಿಕೊಂಡೇ ಹೋಗಿ, ಅಲ್ಲಿಯ ಉಪ್ಪುಗಾಳಿ ಬಿಡುವುದಿಲ್ಲ.

ಬೆಲೆಯಲ್ಲಿ ವೆಸ್ಪಾ 125 ಸರಿಸುಮಾರು ಒಂದೂವರೆ ಫ್ಯಾಸಿನೋ. ಆ ಅರ್ಧ ಗಾಡಿಯ ದುಡ್ಡು ಮೈಲೇಜಿಗೆ ಬರುವುದಿಲ್ಲ, ಡಿಕ್ಕಿಗೆ ಬರುವುದಿಲ್ಲ; ಮೈಯ ಉಕ್ಕಿಗೆ ಹೋಗುತ್ತದೆ. ಹಾಗಂತ ಗೊತ್ತಿದ್ದೂ ಕೊಳ್ಳುವವರು ಆಮೇಲೆ ಗೊಣಗುವುದಿಲ್ಲ.

ಫ್ಯಾಸಿನೋ: ಚರ್ಮ ಹಳೆಯದು, ಬುದ್ಧಿ ಹೊಸದು

ಯಮಾಹಾ ಫ್ಯಾಸಿನೋ 125ನಲ್ಲಿ ರೆಟ್ರೋ, ಅಂದರೆ ಹಳೇ ಶೈಲಿ, ಅನ್ನುವುದು ಹೊದಿಕೆಯಲ್ಲಿದೆ. ಬಾಗಿದ ಗೆರೆ, ಕ್ರೋಮ್ ಪಟ್ಟಿ, ಹಳೇ ಬಣ್ಣಗಳು. ಒಳಗೆ ಮಾಮೂಲು ಕೊಳವೆಯ ಚಾಸಿ, ಮುಂದೆ ಮೋಟಾರ್‌ಸೈಕಲ್ಲಿನಂತೆ ಎರಡು ಕಡ್ಡಿಯ ಟೆಲಿಸ್ಕೋಪಿಕ್ ಫೋರ್ಕ್. ಇದನ್ನು ಕೇಳಿ ಮೂಗು ಮುರಿಯುವ ವೆಸ್ಪಾಪ್ರಿಯರಿದ್ದಾರೆ. ಅವರು ಅದರ ತೂಕ ಕೇಳಿಲ್ಲ: 99 ಕೆಜಿ.

ಸಿಲ್ಕ್ ಬೋರ್ಡಿನಲ್ಲಿ ಅಡಿ ಅಡಿಗೂ ಕಾಲೂರಿ ನಿಲ್ಲುವ ಗಾಡಿಯಲ್ಲಿ, ಬೇಸ್‌ಮೆಂಟಿನಲ್ಲಿ ಎರಡು ಕಂಬದ ನಡುವೆ ತುರುಕಬೇಕಾದ ಗಾಡಿಯಲ್ಲಿ, ಹದಿನೈದು ಕೆಜಿ ಕಡಿಮೆ ಅನ್ನುವುದು ದೊಡ್ಡ ಸಂಗತಿ. ಅಮ್ಮನೂ ಓಡಿಸುವ, ಮಗಳೂ ಓಡಿಸುವ ಮನೆಯಲ್ಲಿ ಸೆಂಟರ್ ಸ್ಟ್ಯಾಂಡ್ ಯಾರು ಹಾಕಬೇಕು ಅನ್ನುವ ಚರ್ಚೆಯೇ ಇರುವುದಿಲ್ಲ. 125 ಸಿಸಿ ಎಂಜಿನ್ನಿನ ಪವರ್ 8.2 ಪಿಎಸ್ ಮಾತ್ರ, ಆದರೆ ಎಳೆಯಬೇಕಾದ ಮೈ ಹಗುರಾಗಿರುವುದರಿಂದ ಸಿಗ್ನಲ್ಲಿನಲ್ಲಿ ಹಿಂದೆ ಬೀಳುವುದಿಲ್ಲ. ಹೈಬ್ರಿಡ್ ಅಂತ ಬರೆದಿರುವುದನ್ನು ನೋಡಿ ಬ್ಯಾಟರಿಯಲ್ಲೂ ಓಡುತ್ತದೆ ಅಂದುಕೊಳ್ಳಬೇಡಿ. ಸ್ಟಾರ್ಟರ್ ಮೋಟರ್ ಮತ್ತು ಜನರೇಟರ್ ಒಂದೇ ಆಗಿದ್ದು, ನಿಂತಲ್ಲಿಂದ ಹೊರಡುವಾಗ ಕೆಲವು ಕ್ಷಣ ಎಂಜಿನ್ನಿಗೆ ಕೈ ಜೋಡಿಸುತ್ತದೆ, ಅಷ್ಟೇ. ಸಿಗ್ನಲ್ಲಿನಲ್ಲಿ ತಾನೇ ಆಫ್ ಆಗಿ ಆಕ್ಸಿಲರೇಟರ್ ತಿರುವಿದಾಗ ಸದ್ದಿಲ್ಲದೆ ಹೊರಡುವುದೂ ಇದರಿಂದಲೇ.

ಡಿಕ್ಕಿ 21 ಲೀಟರ್, ಒಂದು ಹೆಲ್ಮೆಟ್ಟಿಗೆ ಸಾಕು. ಟ್ಯಾಂಕ್ 5.2 ಲೀಟರ್. ಮುಂದಿನ ಚಕ್ರ 12 ಇಂಚು; ಹಿಂದಿನದು, ನಾನು ಮೊದಲೇ ಹೇಳಿದ ಹಾಗೆ, 10. ಇದೇ ಇದರ ದೊಡ್ಡ ಕೊರತೆ. ಹೊದಿಕೆಯ ಪ್ಲಾಸ್ಟಿಕ್ ಗಟ್ಟಿಮುಟ್ಟು ಅನ್ನಿಸುವುದಿಲ್ಲ, ಉದ್ದಕ್ಕೆ ಗೀರಿದರೆ ಟಿಂಕರಿಂಗ್ ನಡೆಯುವುದಿಲ್ಲ. ಆದರೆ ಒಡೆದ ಭಾಗದ ಸ್ಕ್ರೂ ಬಿಚ್ಚಿ ಹೊಸದನ್ನು ಕೂರಿಸಿಕೊಂಡರೆ ಸಂಜೆಗೆ ಗಾಡಿ ಮನೆಗೆ. ಬಿದ್ದಾಗ ಚಾಸಿಗೆ ಏಟು ತಟ್ಟುವುದು ಅಪರೂಪ. ದಿನಬಳಕೆಯ ಗಾಡಿಗೆ ಇದು ನ್ಯೂನತೆಯೋ ಅನುಕೂಲವೋ ನೀವೇ ಯೋಚಿಸಿ. ನಾನಂತೂ ಅನುಕೂಲದ ಪಟ್ಟಿಗೇ ಹಾಕುತ್ತೇನೆ.

ಚೇತಕ್: ಮೈ ಅಪ್ಪನ ಕಾಲದ್ದು, ಎದೆ ಬೇರೆ

2020ರ ಜನವರಿಯಲ್ಲಿ ಬಜಾಜ್ ಎಲೆಕ್ಟ್ರಿಕ್ ಚೇತಕನ್ನು ಮೊದಲು ಬಿಡುಗಡೆ ಮಾಡಿದ್ದು ಪುಣೆ ಮತ್ತು ಬೆಂಗಳೂರು ಎರಡೇ ಊರಲ್ಲಿ. ರಚನೆಯಲ್ಲಿ ಇದು ಮೇಲಿನ ಎರಡರ ನಡುವಿನದು. ಮೈ ಉಕ್ಕಿನ ತಗಡೇ, ಆದರೆ ಭಾರ ಹೊರುವ ಚೌಕಟ್ಟು ಒಳಗೆ ಬೇರೆ ಇದೆ. ಮುಂದೆ ಒಂದೇ ತೋಳಿನ ಸಸ್ಪೆನ್ಷನ್ ಉಳಿಸಿಕೊಂಡಿದ್ದಾರೆ, ಎರಡೂ ಚಕ್ರ 12 ಇಂಚು. ಮೊದಲು ಹೇಳಿದ ಅಳತೆಗೋಲಿನಲ್ಲಿ ಗುಂಡಿಗೆ ಇದೇ ವಾಸಿ.

2024ರ ಡಿಸೆಂಬರಿನಲ್ಲಿ ಬಂದ 35 ಸರಣಿಯಲ್ಲಿ ಎಂಜಿನಿಯರುಗಳು ಮಾಡಿದ ಒಂದು ಕೆಲಸ ನನಗೆ ಬಹಳ ಹಿಡಿಸಿತು. 3.5 ಕಿಲೋವ್ಯಾಟ್ ಅವರ್ ಬ್ಯಾಟರಿಯನ್ನು ಸೀಟಿನ ಕೆಳಗಿಂದ ತೆಗೆದು ಕಾಲಿಡುವ ಜಾಗದ ಅಡಿಗೆ ಇಟ್ಟರು. ಭಾರ ನೆಲಕ್ಕೆ ಹತ್ತಿರವಾಯಿತು, ಡಿಕ್ಕಿ 35 ಲೀಟರಾಯಿತು. ರೆಟ್ರೋ ರೂಪದ ಗಾಡಿಯಲ್ಲಿ ಇಷ್ಟು ಜಾಗ ಸಿಗುವುದಕ್ಕೆ ಕಾರಣ ಸೀಟಿನ ಕೆಳಗೆ ಎಂಜಿನ್ ಇಲ್ಲದಿರುವುದು. ವೆಸ್ಪಾದ ದುಂಡು ಬೆನ್ನಿನೊಳಗೆ ತುಂಬಿರುವುದು ಯಂತ್ರ, ಚೇತಕ್ಕಿನ ಬೆನ್ನಿನೊಳಗಿರುವುದು ನಿಮ್ಮ ಸಾಮಾನು. ಬೆಲ್ಟಿಲ್ಲ, ಕ್ಲಚ್ಚಿಲ್ಲ. ಪೆಟ್ರೋಲ್ ಸ್ಕೂಟರಿನ ಕ್ಲಚ್ಚು ಬೇಗ ಸವೆಯುವುದು ಔಟರ್ ರಿಂಗ್ ರೋಡಿನ ತೆವಳುವ ಟ್ರಾಫಿಕ್ಕಿನಲ್ಲೇ ಎಂಬುದನ್ನು ನೆನಪಿಡಿ. ತೂಕ ಹೆಚ್ಚಿದ್ದರೂ ರಿವರ್ಸ್ ಮೋಡ್ ಇದೆ, ಇಳಿಜಾರಿನಲ್ಲಿ ಹಿಂದಕ್ಕೆ ಎಳೆಯುವ ಪಾಡಿಲ್ಲ.

ಅತಿ ಹೆಚ್ಚಿನ ವೇಗ ಗಂಟೆಗೆ 73 ಕಿಮೀ, ಈ ಸರಣಿಯ ಅಗ್ಗದ ಮಾದರಿಯಲ್ಲಿ 63. ಊರೊಳಗೆ ಧಾರಾಳ. ದಿನಾ ಹೆಬ್ಬಾಳ ದಾಟಿ ವಿಮಾನ ನಿಲ್ದಾಣದ ಕಡೆಗೋ, ನೆಲಮಂಗಲದ ಹೆದ್ದಾರಿಗೋ ಹೋಗುವವರಿಗೆ ಲಾರಿಗಳ ನಡುವೆ ಸ್ವಲ್ಪ ಅಳುಕಾಗಬಹುದು. ಒಂದು ಸಲ ಚಾರ್ಜ್ ಮಾಡಿದರೆ ಓಡುತ್ತದೆಂದು ಕಂಪನಿ ಹೇಳುವ 153 ಕಿಮೀ ಪರೀಕ್ಷಾ ಕೊಠಡಿಯ ಲೆಕ್ಕ. ನಿಮ್ಮ ಲೆಕ್ಕಕ್ಕೆ 100 ಅಂತ ಇಟ್ಟುಕೊಳ್ಳಿ, ನಿರಾಸೆಯಾಗುವುದಿಲ್ಲ.

ದುಡ್ಡಿನ ಲೆಕ್ಕ ಹೀಗೆ. ದಿನಕ್ಕೆ 30 ಕಿಮೀ, ತಿಂಗಳಿಗೆ 25 ದಿನ ಅಂದರೆ 750 ಕಿಮೀ. ಲೀಟರಿಗೆ 45 ಕಿಮೀ ಕೊಡುವ ಪೆಟ್ರೋಲ್ ಗಾಡಿಗೆ ಹದಿನೇಳು ಲೀಟರ್ ಬೇಕು; ಲೀಟರಿಗೆ 100 ರೂಪಾಯಿಯ ಮೇಲಿರುವ ದರದಲ್ಲಿ 1,700 ರೂಪಾಯಿ. ಚೇತಕ್ಕಿಗೆ ಚಾರ್ಜಿಂಗ್ ನಷ್ಟವೂ ಸೇರಿ ಸುಮಾರು 30 ಯೂನಿಟ್, ಯೂನಿಟ್ಟಿಗೆ ಆರೇಳು ರೂಪಾಯಿಯಂತೆ 200. ತಿಂಗಳಿಗೆ 1,500 ಉಳಿತಾಯವಾದರೆ ಫ್ಯಾಸಿನೋಗಿಂತ ಹೆಚ್ಚು ಕೊಟ್ಟ ಮೂವತ್ತು ನಲವತ್ತು ಸಾವಿರ ಎರಡು ವರ್ಷದ ಆಸುಪಾಸಿನಲ್ಲಿ ವಾಪಸು. ದಿನಕ್ಕೆ 10 ಕಿಮೀ ಓಡಿಸುವವರಿಗೆ ಅದೇ ದುಡ್ಡು ವಾಪಸಾಗಲು ಆರು ವರ್ಷ ಬೇಕು, ಅಷ್ಟರಲ್ಲಿ ಬ್ಯಾಟರಿಯ ವಾರಂಟಿ ಮುಗಿದಿರುತ್ತದೆ. ಅಂಥವರು ದುಡ್ಡುಳಿಸಲು ಇದನ್ನು ಕೊಳ್ಳುವುದರಲ್ಲಿ ಅರ್ಥವಿಲ್ಲ.

ಗೃಹಜ್ಯೋತಿಯವರು ಇದನ್ನು ಗಮನಿಸಿ. ನಿಮ್ಮ ಮನೆಯ ಬಳಕೆ ಈಗ 180 ಯೂನಿಟ್ ಇದ್ದು, ಗಾಡಿಯ 30 ಸೇರಿ 200 ದಾಟಿದರೆ ಆ ತಿಂಗಳ ಇಡೀ ಬಿಲ್ಲನ್ನು ನೀವೇ ಕಟ್ಟಬೇಕು. ಆಗ ಗಾಡಿಗೆ ಬೀಳುವ ಖರ್ಚು 200 ರೂಪಾಯಿಯಲ್ಲ, ಸಾವಿರಕ್ಕೂ ಮೇಲೆ. ಶೋರೂಮಿನಲ್ಲಿ ಇದನ್ನು ಯಾರೂ ಹೇಳುವುದಿಲ್ಲ, ಹೋದ ತಿಂಗಳ ಬೆಸ್ಕಾಂ ಬಿಲ್ಲನ್ನು ತೆಗೆದು ನೋಡಿ.

ಇನ್ನು ಪ್ಲಗ್ಗು. ಸ್ವಂತ ಮನೆಯಾದರೆ ಗೇಟಿನ ಹತ್ತಿರ ಒಂದು 15 ಆಂಪ್ ಪಾಯಿಂಟ್ ಹಾಕಿಸಿದರೆ ಮುಗಿಯಿತು. ಬಾಡಿಗೆ ಮನೆಯವರು ಮೊದಲು ಮಾಲೀಕರ ಹತ್ತಿರ, ಅಪಾರ್ಟ್‌ಮೆಂಟಿನವರು ಅಸೋಸಿಯೇಷನ್ ಹತ್ತಿರ ಮಾತಾಡಿ, ಒಪ್ಪಿಗೆ ಬಂದ ಮೇಲೆಯೇ ಗಾಡಿ ಬುಕ್ ಮಾಡಿ. ಮೂರನೇ ಮಹಡಿಯಿಂದ ವೈರು ಇಳಿಬಿಡುವ ಸಾಹಸ ಬೇಡವೇ ಬೇಡ.

ಉಳಿದವು, ಬೇಗ ಬೇಗ

ಸುಜುಕಿ ಆ್ಯಕ್ಸೆಸ್ 125 ರೆಟ್ರೋ ಅಂತ ಹೇಳಿಕೊಳ್ಳುವುದಿಲ್ಲ, ಆದರೂ ದುಂಡು ಮೈ ಇದೆ. ರೂಪಕ್ಕೆ ಹತ್ತರಲ್ಲಿ ಆರು ಸಾಕು ಅನ್ನುವವರು ಇದನ್ನು ತೆಗೆದುಕೊಂಡು ಸುಖವಾಗಿರುತ್ತಾರೆ. ಹೀರೋ ಡೆಸ್ಟಿನಿ 125ರ 2025ರ ಮಾದರಿಯಲ್ಲಿ ತಾಮ್ರದ ಬಣ್ಣದ ಅಲಂಕಾರ ಹಳೇ ಕಾಲಕ್ಕೆ ಹತ್ತಿರ. ಅದಕ್ಕಿಂತ ಒಳ್ಳೆಯ ಸುದ್ದಿ ಎರಡೂ ಚಕ್ರ 12 ಇಂಚು ಅನ್ನುವುದು. ಕಡಿಮೆ ದುಡ್ಡಿನಲ್ಲಿ ಗುಂಡಿ ರಸ್ತೆಗೆ ತಕ್ಕ ಗಾಡಿ ಬೇಕಿದ್ದರೆ ಫ್ಯಾಸಿನೋಗಿಂತ ಮುಂಚೆ ಇದನ್ನು ನೋಡಿ. ಟಿವಿಎಸ್ ಜ್ಯೂಪಿಟರ್ 125 ರೆಟ್ರೋ ಅಲ್ಲ, ಆದರೆ ಪೆಟ್ರೋಲ್ ಟ್ಯಾಂಕನ್ನು ಕಾಲಿಡುವ ಜಾಗದ ಅಡಿಗೆ ಇಟ್ಟು 33 ಲೀಟರ್ ಡಿಕ್ಕಿ ಮಾಡಿದ್ದಾರೆ. ಪೆಟ್ರೋಲ್ ಗಾಡಿಯಲ್ಲಿ ಎರಡು ಹೆಲ್ಮೆಟ್ಟಿನ ಸಮಸ್ಯೆಗೆ ಸಿಕ್ಕಿರುವ ಒಳ್ಳೆಯ ಉತ್ತರ ಅದು.

ಕೈನೆಟಿಕ್ ಹೋಂಡಾ ನೆನಪಿರುವವರಿಗೆ 2025ರಲ್ಲಿ ಬಂದ ಎಲೆಕ್ಟ್ರಿಕ್ ಕೈನೆಟಿಕ್ ಡಿಎಕ್ಸ್ ಕಣ್ಣಿಗೆ ಬೀಳದಿರದು. 1984ರಲ್ಲಿ ಗೇರಿಲ್ಲದ, ಬಟನ್ ಒತ್ತಿದರೆ ಸ್ಟಾರ್ಟ್ ಆಗುವ ಗಾಡಿ ತಂದ ಹೆಸರು ಅದು. ಮನೆಯ ಹತ್ತಿರ ಸರ್ವಿಸ್ ಇದ್ದರೆ ಮಾತ್ರ ಯೋಚಿಸಿ. ಕೀವೇ ಸಿಕ್ಸ್‌ಟೀಸ್ 300ಐ 278 ಸಿಸಿಯದು, 146 ಕೆಜಿ, ಬೆಲೆ ಎರಡು ವೆಸ್ಪಾದ್ದು. ಭಾನುವಾರ ನಂದಿ ಬೆಟ್ಟಕ್ಕೆ ಹೋಗುವವರ ಆಟಿಕೆ, ತರಕಾರಿಗೆ ಬೇಡ.

ಹಳೇ ಚೇತಕನ್ನೋ ಎಲ್‌ಎಂಎಲ್ ಕಂಪನಿ ಮಾಡುತ್ತಿದ್ದ ವೆಸ್ಪಾವನ್ನೋ ರೆಸ್ಟೋರ್ ಮಾಡಿಸಲಾ ಅಂತಲೂ ಕೇಳುವವರಿದ್ದಾರೆ. ಮನೆಯಲ್ಲೇ ಅಪ್ಪನ ಗಾಡಿ ಮೂಲೆಯಲ್ಲಿದ್ದರೆ ಖಂಡಿತ ಮಾಡಿಸಿ, ಜೆಸಿ ರೋಡಿನಲ್ಲಿ ಇವತ್ತಿಗೂ ಬಿಡಿಭಾಗ ಹುಡುಕಿದರೆ ಸಿಗುತ್ತವೆ. ಹೊರಗಿನಿಂದ ಕೊಳ್ಳುವುದಾದರೆ ಮೊದಲು ಆರ್‌ಸಿ ನೋಡಿ. ಹದಿನೈದು ವರ್ಷ ದಾಟಿದ ಗಾಡಿಗೆ ನೋಂದಣಿ ನವೀಕರಣ, ಗ್ರೀನ್ ಟ್ಯಾಕ್ಸ್, ಹೊಗೆ ತಪಾಸಣೆ ಎಲ್ಲ ಇದೆ. ಆರ್‌ಸಿ ಸತ್ತಿದ್ದರೆ ಎಷ್ಟು ಹೊಳೆಯುವ ಬಣ್ಣವಿದ್ದರೂ ಅದು ಶೋಕೇಸಿನ ಸಾಮಾನು. ದಿನಾ ಆಫೀಸಿಗೆ ಹೋಗುವ ಒಂದೇ ಗಾಡಿಯಾಗಿ ಇದನ್ನು ನಾನು ಯಾರಿಗೂ ಹೇಳುವುದಿಲ್ಲ.

ಯಾರಿಗೆ ಯಾವುದು

ದಿನಕ್ಕೆ 25 ಕಿಮೀ ಮೇಲೆ ಓಡಾಟ, ಸ್ವಂತ ಪ್ಲಗ್ಗು, 200 ಯೂನಿಟ್ಟಿನ ಗೆರೆಯಿಂದ ದೂರವಿರುವ ಮನೆ: ಚೇತಕ್, ಎರಡನೇ ಮಾತಿಲ್ಲ. ಹಿಂದೆ ಹೆಂಡತಿಯನ್ನೋ ಗಂಡನನ್ನೋ ದಿನಾ ಕೂರಿಸಿಕೊಂಡು ಹೋಗುವವರಿಗೂ ಚಕ್ರ ಮತ್ತು ಡಿಕ್ಕಿಯ ಕಾರಣಕ್ಕೆ ಅದೇ. ಪ್ಲಗ್ಗಿನ ದಾರಿಯಿಲ್ಲದವರು, ಎರಡು ಮೂರು ಜನ ಓಡಿಸುವ ಮನೆಯವರು, ಒಂದು ಲಕ್ಷದೊಳಗೆ ಆನ್‌ರೋಡ್ ಮುಗಿಸಬೇಕೆನ್ನುವವರು ಫ್ಯಾಸಿನೋ ಮತ್ತು ಡೆಸ್ಟಿನಿಯ ನಡುವೆ ಆರಿಸಿಕೊಳ್ಳಿ. ಹಗುರ ಬೇಕಾದರೆ ಮೊದಲನೆಯದು, ರಸ್ತೆ ಕೆಟ್ಟದಾಗಿದ್ದರೆ ಎರಡನೆಯದು.

ವೆಸ್ಪಾ ಯಾರಿಗೆ? ಮನೆಯಲ್ಲಿ ಇನ್ನೊಂದು ಗಾಡಿಯೋ ಕಾರೋ ಇದ್ದು, ಓಡಾಟ ಜಯನಗರ, ಸದಾಶಿವನಗರದಂಥ ತಕ್ಕಮಟ್ಟಿನ ರಸ್ತೆಗಳಲ್ಲಿ ಕಡಿಮೆ ದೂರದ್ದಾಗಿದ್ದು, ಗಾಡಿಯನ್ನು ಹತ್ತು ಹದಿನೈದು ವರ್ಷ ಇಟ್ಟುಕೊಳ್ಳುವ ಮನಸ್ಸಿದ್ದವರಿಗೆ. ಮೂರು ವರ್ಷಕ್ಕೆ ಮಾರಿ ಹೊಸದು ಕೊಳ್ಳುವವರು ಉಕ್ಕಿಗೆ ಕೊಟ್ಟ ದುಡ್ಡನ್ನು ವಸೂಲು ಮಾಡಿಕೊಳ್ಳಲಾರರು. ಒಂದೇ ಗಾಡಿ, ವೈಟ್‌ಫೀಲ್ಡಿಗೆ ದಿನಾ ಓಡಾಟ, ಆದರೂ ವೆಸ್ಪಾನೇ ಬೇಕು ಅನ್ನುವವರಿಗೆ ಒಂದೇ ಮಾತು: 125 ಬೇಡ, ಎಬಿಎಸ್ ಇರುವ 150 ತಗೊಳ್ಳಿ, ಟೈರಿನ ಗಾಳಿಯನ್ನು ವಾರಕ್ಕೊಮ್ಮೆ ನೋಡಿಸಿ.

ಟೆಸ್ಟ್ ರೈಡಿಗೆ ಹೋಗುವಾಗ ಒಬ್ಬರೇ ಹೋಗಬೇಡಿ. ಹಿಂದೆ ಕೂರುವವರನ್ನು ಕರೆದುಕೊಂಡು, ನಿಮ್ಮದೇ ಎರಡು ಹೆಲ್ಮೆಟ್ ಹಿಡಿದುಕೊಂಡು ಹೋಗಿ. ಶೋರೂಮಿನವರು ತೋರಿಸುವ ನುಣುಪು ರಸ್ತೆ ಬಿಟ್ಟು ಪಕ್ಕದ ಅಡ್ಡರಸ್ತೆಯ ಹಂಪಿನ ಮೇಲೆ ಇಬ್ಬರೂ ಕೂತು ಓಡಿಸಿ. ವಾಪಸು ಬಂದು ಹೆಲ್ಮೆಟ್ ಡಿಕ್ಕಿಯಲ್ಲಿಟ್ಟು ಸೀಟು ಮುಚ್ಚುತ್ತದೆಯೇ ನೋಡಿ, ಸೆಂಟರ್ ಸ್ಟ್ಯಾಂಡ್ ನೀವೇ ಹಾಕಿ. ಹೊರಡುವ ಮುನ್ನ ಬಿಡಿಭಾಗದ ಕೌಂಟರಿಗೆ ಹೋಗಿ ಮುಂದಿನ ಪ್ಯಾನೆಲ್, ಹೆಡ್‌ಲೈಟ್, ಕನ್ನಡಿ ಮೂರರ ಬೆಲೆ ಬರೆಸಿಕೊಳ್ಳಿ, ಸ್ಟಾಕ್ ಇದೆಯಾ ಇಲ್ಲ ತರಿಸಬೇಕಾ ಅಂತಲೂ ಕೇಳಿ. ಮೂರು ಶೋರೂಮಿನ ಮೂರು ಚೀಟಿ ಪಕ್ಕಪಕ್ಕ ಇಟ್ಟು ನೋಡಿದ ಮೇಲೆ ಅಡ್ವಾನ್ಸ್ ಕೊಡಿ.